ಕಾಗಿಣಾ ತೀರದ ಪುಷ್ಪಕಾಲ

ಕಲಬುರಗಿ ಸೀಮೆಯ ಹೆಸರನ್ನೆತ್ತಿದೊಡನೆ ಪರಸ್ಥಳದವರ ನಾಲಗೆಯ ಮೇಲೆ ಮೊದಲು ಬರುವ ಮಾತು ಬಿಸಿಲು, ಎರಡನೆಯದು ತೊಗರಿ, ರೈಲಿನಲ್ಲಿ ಈ ದಾರಿಯಾಗಿ ಹಾದುಹೋದವರಾದರೆ ಮೂರನೆಯದು ಸಿಮೆಂಟಿನ ಧೂಳು. ಮೂರೂ ಸುಳ್ಳಲ್ಲ. ಆದರೆ ಫಾಲ್ಗುಣ ಮಾಸದ ಒಂದು ಮುಂಜಾನೆ ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಹೊರಡುವ ಗಾಡಿಯಲ್ಲಿ ಕಿಟಕಿಯ ಪಕ್ಕದಲ್ಲಿ ಕುಳಿತು, ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಂದು ನಿಲ್ದಾಣಗಳನ್ನೆಣಿಸುತ್ತ, ರಾಶಿ ಮುಗಿದು ಬರಿದಾದ ಎರೆಹೊಲಗಳ ಬದುಗಳನ್ನೂ ಕಲ್ಲುಗಣಿಗಳ ಅಂಚುಗಳನ್ನೂ ದಿಟ್ಟಿಸುತ್ತ ಹೋಗುವವನಿಗೆ, ಎಲೆಯೆಂಬುದೊಂದೂ ಉಳಿಯದ ಡೊಂಕು ಕೊಂಬೆಗಳ ಮೇಲೆ ಕೆಂಡಗಳನ್ನು ಪೋಣಿಸಿಟ್ಟಂತೆ ತೋರುವ ಮರವೊಂದು ಕ್ಷಣಮಾತ್ರ ಕಂಡು ಮರೆಯಾಗುವುದು. ಕಂಡದ್ದು ನಿಜವೋ ಭ್ರಮೆಯೋ ಎಂದು ಯೋಚಿಸುವಷ್ಟರಲ್ಲಿ ಮತ್ತೊಂದು, ಅದರಾಚೆ ಇನ್ನೆರಡು. ಅದು ಮುತ್ತುಗ. ನಮ್ಮ ಕಡೆಯ ಜನ ಅದನ್ನು ಮುತ್ತಲ ಎನ್ನುವರು; ಮರವನ್ನು ಮರವೆನ್ನದೆ ಗಿಡವೆಂದೇ ಕರೆಯುವುದು ಇಲ್ಲಿಯ ವಾಡಿಕೆಯಾದುದರಿಂದ, ಮೂವತ್ತಡಿ ಎತ್ತರಕ್ಕೆ ಬೆಳೆದು ನಿಂತಿದ್ದರೂ ಅದು ಮುತ್ತಲ ಗಿಡವೇ.

ಅದೇ ದಿನಗಳಲ್ಲಿ, ಅಥವಾ ಅದಕ್ಕೆ ನಾಲ್ಕು ವಾರ ತರುವಾಯ, ಸೇಡಂನ ಅಥವಾ ಶಾಹಾಬಾದಿನ ಯಾವುದೋ ಮನೆಯ ಪಡಸಾಲೆಯಲ್ಲಿ ಕುಳಿತ ತಾಯಿಯ ಕೈಯಲ್ಲಿರುವ ಮೊಬೈಲಿಗೆ ಅಮೆರಿಕದಿಂದಲೋ ಕೆನಡಾದಿಂದಲೋ ಮಗನು ಕಳುಹಿಸಿದ ಚಿತ್ರವೊಂದು ಬರುತ್ತದೆ: ಸರೋವರದ ದಂಡೆ, ಸಾಲುಮರಗಳು, ಮರ ತುಂಬ ತೆಳುಗುಲಾಬಿ ಬಣ್ಣದ ಹೂವು, ಅದರಡಿಯಲ್ಲಿ ದಪ್ಪ ಅಂಗಿ ತೊಟ್ಟ ಸೊಸೆ ಮತ್ತು ಮೊಮ್ಮಕ್ಕಳು. ಅದು ಜಪಾನಿನ ಚೆರ್ರಿ ಹೂವೆಂದೂ, ಅದನ್ನು ನೋಡುವುದಕ್ಕಾಗಿಯೇ ಊರಿಗೆ ಊರೇ ಉದ್ಯಾನಕ್ಕೆ ಬಂದಿತ್ತೆಂದೂ ಮಗನು ಬರೆದಿರುತ್ತಾನೆ. ತಾಯಿ ಅದನ್ನು ನೆರೆಹೊರೆಯವರಿಗೆಲ್ಲ ತೋರಿಸುತ್ತಾಳೆ. ಆಕೆಯ ಮನೆಯಿಂದ ಎರಡು ಹರದಾರಿಯೊಳಗೆ ಅದೇ ಕಾಲಕ್ಕೆ ಅರಳಿದ್ದ ಮುತ್ತಲವನ್ನು ನೋಡಲು ಮಾತ್ರ ಯಾರೂ ಹೋಗಿರಲಿಲ್ಲ. ಈ ಲೇಖನವು ಆ ಎರಡು ಹೂವುಗಳನ್ನು ಕುರಿತದ್ದು. ಹೆಚ್ಚಾಗಿ ಮುತ್ತಲವನ್ನು ಕುರಿತದ್ದು.

ಜಪಾನೀಯರು ಈ ಆಚರಣೆಯನ್ನು ಹನಾಮಿ ಎಂದು ಕರೆಯುವರು. ಹನಾ ಎಂದರೆ ಹೂವು, ಮಿ ಎಂದರೆ ನೋಡುವುದು. ಪುಷ್ಪದರ್ಶನವೆಂಬುದೇ ಅದರ ಅರ್ಥ. ದೇವದರ್ಶನವೆಂಬ ಮಾತಿನಲ್ಲಿ ದರ್ಶನ ಶಬ್ದಕ್ಕೆ ನಾವು ಕೊಡುವ ತೂಕವನ್ನೇ ಅವರು ಈ ‘ಮಿ’ ಎಂಬ ಒಂದಕ್ಷರಕ್ಕೆ ಕೊಟ್ಟಿರುವರೆಂದು ನನಗೆ ತೋರುತ್ತದೆ. ಅತಿ ಪ್ರಾಚೀನ ಕಾಲದಲ್ಲಿ, ಎಂದರೆ ನಾರಾ ನಗರವು ರಾಜಧಾನಿಯಾಗಿದ್ದ 8ನೆಯ ಶತಮಾನದಲ್ಲಿ, ಚೀನಾದ ಪ್ರಭಾವದಿಂದ ಪ್ಲಮ್ ಮರದ ಹೂವೇ ಅಲ್ಲಿಯ ಕುಲೀನರ ಆದರಕ್ಕೆ ಪಾತ್ರವಾಗಿತ್ತು. ರಾಜಧಾನಿ ಕ್ಯೋಟೋಗೆ ಬಂದ ಬಳಿಕ ಚೆರ್ರಿ ಆ ಸ್ಥಾನಕ್ಕೇರಿತು. ಸಾಗಾ ಎಂಬ ಚಕ್ರವರ್ತಿಯು 812ರಲ್ಲಿ ತನ್ನ ಅರಮನೆಯ ಶಿನ್‌ಸೆನ್-ಎನ್ ಎಂಬ ಉದ್ಯಾನದಲ್ಲಿ ಪುಷ್ಪದರ್ಶನದ ಔತಣವೊಂದನ್ನು ಏರ್ಪಡಿಸಿದನೆಂದು ಅಲ್ಲಿಯ ರಾಜವೃತ್ತಾಂತವು ಹೇಳುತ್ತದೆ. ಅಲ್ಲಿಂದ ಮುಂದೆ ದಿನಚರಿಗಳಲ್ಲಿ, ವೃತ್ತಾಂತಗಳಲ್ಲಿ ಚದುರಿಕೊಂಡಿದ್ದ ಹೂವಿನ ತಾರೀಖುಗಳನ್ನೆಲ್ಲ ವಿದ್ವಾಂಸರು ಕಲೆಹಾಕಿ, ಸುಮಾರು 1,200 ವರ್ಷಗಳ ಲೆಕ್ಕವನ್ನು ಸಿದ್ಧಪಡಿಸಿದ್ದಾರೆ. ಅದುವರೆಗಿನ ಆ ಲೆಕ್ಕದಲ್ಲಿ ಎಲ್ಲಕ್ಕಿಂತ ಮೊದಲೇ ಕ್ಯೋಟೋದ ಚೆರ್ರಿ ಪೂರ್ಣವಾಗಿ ಅರಳಿದ್ದು 2021ರ ಮಾರ್ಚ್ 26ರಂದು ಎಂದು ಗೊತ್ತಾದಾಗ, ಭೂಮಿಯು ಬಿಸಿಯಾಗುತ್ತಿರುವುದಕ್ಕೆ ಅದನ್ನೊಂದು ಸಾಕ್ಷಿಯೆಂದು ಲೋಕವೇ ಉಲ್ಲೇಖಿಸಿತು. ಹೂವನ್ನು ಕಂಡ ದಿನವನ್ನು ಬರೆದಿಡುವ ಒಂದು ಸಣ್ಣ ಅಭ್ಯಾಸವು ಸಾವಿರ ವರ್ಷಗಳ ತರುವಾಯ ಶಾಸ್ತ್ರಕ್ಕೆ ಇಷ್ಟು ದೊಡ್ಡ ಉಪಕಾರವನ್ನು ಮಾಡಬಲ್ಲದೆಂದು ಆ ದಿನಚರಿಗಾರರಲ್ಲಿ ಯಾರೂ ಊಹಿಸಿರಲಾರರು.

ಬಹುಕಾಲ ಅರಮನೆಯ ಹಾಗೂ ಯೋಧರ ವಿನೋದವಾಗಿಯೇ ಉಳಿದಿದ್ದ ಇದು ಸಾಮಾನ್ಯರದಾದದ್ದು 18ನೆಯ ಶತಮಾನದಲ್ಲಿ. ಶೋಗುನ್ ತೊಕುಗಾವಾ ಯೋಶಿಮುನೆಯು ಇಂದಿನ ಟೋಕಿಯೋದ ಅಸುಕಾಯಾಮ ಗುಡ್ಡದಲ್ಲಿಯೂ ಸುಮಿದಾ ನದಿಯ ದಂಡೆಯಲ್ಲಿಯೂ ಚೆರ್ರಿ ಮರಗಳನ್ನು ನೆಡಿಸಿ, ಕುಶಲಕರ್ಮಿಗಳೂ ವ್ಯಾಪಾರಿಗಳೂ ಬುತ್ತಿ ಕಟ್ಟಿಕೊಂಡು ಬಂದು ಕೂರುವುದಕ್ಕೆ ಅವಕಾಶ ಮಾಡಿಕೊಟ್ಟನು. ಇಂದು ಅಲ್ಲಿ ಎಲ್ಲೆಲ್ಲಿಯೂ ಕಾಣುವ ಸೊಮೇಯ್ ಯೋಶಿನೊ ಎಂಬ ತಳಿಯು 19ನೆಯ ಶತಮಾನದ್ದು. ಅದರ ಮರಗಳೆಲ್ಲ ಬೀಜದಿಂದ ಹುಟ್ಟಿದವಲ್ಲ, ಕಸಿಯಿಂದ ಹುಟ್ಟಿದವು. ಒಂದೇ ಮರದ ಅಂಗಗಳೆನ್ನಬಹುದಾದಷ್ಟು ಏಕರೂಪವಾಗಿರುವುದರಿಂದಲೇ ಒಂದು ಊರಿನ ಮರಗಳೆಲ್ಲ ಒಂದೇ ವಾರದಲ್ಲಿ ಅರಳಿ, ಒಂದೇ ವಾರದಲ್ಲಿ ಉದುರಿಬಿಡುವುವು. ಟೋಕಿಯೋದಲ್ಲಿ ಗುರುತುಮಾಡಿಟ್ಟ ಒಂದು ಮರದ ಮೇಲೆ ಐದಾರು ಹೂವು ಬಿರಿದೊಡನೆ ಹವಾಮಾನ ಇಲಾಖೆಯು ಕಾಲವು ಆರಂಭವಾಯಿತೆಂದು ಸಾರುತ್ತದೆ. ಆಮೇಲೆ ಉದ್ಯಾನಗಳಲ್ಲಿ ನಸುಕಿನಲ್ಲಿಯೇ ತಾಡಪಾಲುಗಳು ಹಾಸಿಕೊಳ್ಳುವುವು. ಕಚೇರಿಯ ಕಿರಿಯರು ಹಿರಿಯರಿಗಾಗಿ ಜಾಗ ಹಿಡಿದು ಕೂರುವರು. ನೋಡುವುದು, ಉಣ್ಣುವುದು, ಹಾಡುವುದು, ಸುಮ್ಮನಿರುವುದು: ಇಷ್ಟೇ ಅದರ ವಿಧಿ.

ಹೊರದೇಶಗಳಿಗೆ ಈ ಮರಗಳು ಸ್ನೇಹದ ಕಾಣಿಕೆಯಾಗಿ ಹೋದವು. ಟೋಕಿಯೋ ನಗರವು ಕಳುಹಿಸಿ, 1910ರಲ್ಲಿ ವಾಷಿಂಗ್ಟನ್ನಿಗೆ ಬಂದು ತಲುಪಿದ 2,000 ಸಸಿಗಳಲ್ಲಿ ಕೀಟಬಾಧೆ ಕಂಡುಬಂದುದರಿಂದ ಅವನ್ನು ಸುಡಬೇಕಾಯಿತು. ಕಾಣಿಕೆಯನ್ನು ಸುಟ್ಟದ್ದಕ್ಕೆ ಮುನಿಯದೆ ಜಪಾನೀಯರು 1912ರಲ್ಲಿ ಮತ್ತೆ 3,020 ಸಸಿಗಳನ್ನು ಕಳುಹಿಸಿದರು. ಆ ಮಾರ್ಚ್ 27ರಂದು ಅಧ್ಯಕ್ಷರ ಪತ್ನಿ ಹೆಲೆನ್ ಟಾಫ್ಟ್ ಅವರೂ ಜಪಾನಿನ ರಾಯಭಾರಿಯ ಪತ್ನಿಯೂ ಪೊಟೋಮ್ಯಾಕ್ ನದಿಯ ಬಳಿಯಲ್ಲಿ ಮೊದಲ ಎರಡನ್ನು ನೆಟ್ಟರು. ಟೊರಾಂಟೋ ನಗರದ ಹೈ ಪಾರ್ಕಿಗೆ ಮರಗಳು ಬಂದದ್ದು 1959ರಲ್ಲಿ. ನಮ್ಮ ಸೇಡಂನ ತಾಯಿಗೆ ಬರುವ ಚಿತ್ರಗಳು ಇಂಥ ಉದ್ಯಾನಗಳವೇ.

ಹಾಗಾದರೆ ಆ ಮರವನ್ನು ತಂದು ಶಾಹಾಬಾದಿನಲ್ಲಿ ನೆಡಬಾರದೇಕೆ ಎಂದು ಯಾರಾದರೂ ಕೇಳಿಯಾರು. ಚೆರ್ರಿಯ ಮೊಗ್ಗು ಹಿಂದಿನ ಬೇಸಗೆಯಲ್ಲಿಯೇ ಮೂಡಿ ಚಳಿಗಾಲದಲ್ಲಿ ನಿದ್ರಿಸುತ್ತದೆ. ವಾರಗಟ್ಟಲೆ ಗಾಢವಾದ ಶೀತ ತಾಗಿದಲ್ಲದೆ ಆ ನಿದ್ರೆ ತಿಳಿಯದು, ನಿದ್ರೆ ತಿಳಿದಲ್ಲದೆ ವಸಂತದ ಬಿಸುಪಿಗೆ ಅದು ಓಗೊಡದು. ವೈಶಾಖದಲ್ಲಿ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ, ಹಿಮವನ್ನು ಎಂದೂ ಕಾಣದ ನೆಲದಲ್ಲಿ ಅದಕ್ಕೆ ಬದುಕಿಲ್ಲ. ಭಾರತದಲ್ಲಿಯೇ ಚೆರ್ರಿಯ ಒಂದು ಜಾತಿ ಇಲ್ಲದೆ ಇಲ್ಲ. ಹಿಮಾಲಯದ ತಪ್ಪಲಿನಲ್ಲಿಯೂ ಮೇಘಾಲಯದ ಬೆಟ್ಟಗಳಲ್ಲಿಯೂ ಬೆಳೆಯುವ ಆ ಕಾಡುಚೆರ್ರಿಯು ನವೆಂಬರಿನಲ್ಲಿ ಹೂಬಿಡುತ್ತದೆ, ಶಿಲ್ಲಾಂಗಿನಲ್ಲಿ 2016ರಿಂದ ಅದರದೊಂದು ಉತ್ಸವವೂ ನಡೆಯುತ್ತ ಬಂದಿದೆ. ನಮ್ಮ ಆಯುರ್ವೇದದ ಗ್ರಂಥಗಳಲ್ಲಿ ಪದ್ಮಕವೆಂಬ ಹೆಸರಿನಿಂದ ಬರುವ ಮೂಲಿಕೆ ಇದೇ ಮರದ್ದು. ಅಲ್ಲಿಗೆ ನಮ್ಮ ಅಜ್ಜಂದಿರು ಚೆರ್ರಿಯ ತೊಗಟೆಯನ್ನು ಕಷಾಯದಲ್ಲಿ ಕುಡಿದಿದ್ದಾರು, ಹೂವನ್ನು ಮಾತ್ರ ಕಂಡವರಲ್ಲ.

ಕರ್ನಾಟಕದಲ್ಲಿ ಚೆರ್ರಿಯ ಹೆಸರನ್ನು ಪಡೆದಿರುವುದು ಬೆಂಗಳೂರಿನ ಟಬೆಬುಯಾ. ಮಧ್ಯ ಅಮೆರಿಕದಿಂದ ಬಂದ ಈ ಮರವು ಮಾಗಿಯ ಕೊನೆಯಲ್ಲಿ ಎಲೆಯುದುರಿಸಿ ಗುಲಾಬಿ ಮೋಡದಂತಾಗುವುದನ್ನು ಕಂಡು ಅಲ್ಲಿಯ ಜನ ಇದೇ ನಮ್ಮ ಚೆರ್ರಿಯೆಂದು ಸಂತೋಷಪಡುವರು. ಲಾಲ್‌ಬಾಗಿನ ಮೇಲ್ವಿಚಾರಣೆಗೆ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗೆಲ್ ಎಂಬ ಉದ್ಯಾನವಿದನು, ವರ್ಷದ ಒಂದು ಮಾಸವೂ ಬರಿದಾಗದಂತೆ ಒಂದು ಬೀದಿಯ ಹೂವು ಉದುರುವಾಗ ಇನ್ನೊಂದು ಬೀದಿಯದು ಅರಳುವಂತೆ ಮರಗಳನ್ನು ಆರಿಸಿ ನೆಡುವ ಕ್ರಮವನ್ನು ಆ ನಗರಕ್ಕೆ ಕಲಿಸಿದನು. 1980ರ ದಶಕದಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳ ಅವರು ಅದೇ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಸಸ್ಯಶಾಸ್ತ್ರದ ಮಾತಿನಲ್ಲಿ ಟಬೆಬುಯಾ ಚೆರ್ರಿಗೆ ಏನೂ ಆಗಬೇಕಾದುದಲ್ಲ. ನಮ್ಮ ಕಾಡಿನ ಪಾದರಿಗೆ, ಎಂದರೆ ಸಂಸ್ಕೃತ ಕವಿಗಳ ಪಾಟಲಕ್ಕೆ, ಅದು ಕುಲಬಾಂಧವ. ಬೆಂಗಳೂರಿಗರ ಸಂತೋಷವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಬೆಂಗಳೂರಿನ ಬೀದಿಯಲ್ಲಿ ಹೂವಿಗೆ ಪರದೇಶದ ಹೆಸರನ್ನು ತೊಡಿಸಿದ ಮೇಲೆಯೇ ಅದು ನೋಡತಕ್ಕದ್ದಾಯಿತೆಂಬುದು ನನ್ನನ್ನು ಸ್ವಲ್ಪ ನೋಯಿಸುತ್ತದೆ.

ಈಗ ನಮ್ಮ ಸೀಮೆಗೆ ಮರಳೋಣ. ಕ್ಯೋಟೋದಲ್ಲಿ ಸಾಗಾ ಚಕ್ರವರ್ತಿಯು ಚೆರ್ರಿಯ ಕೆಳಗೆ ಔತಣ ನಡೆಸಿದ ಎರಡು ವರ್ಷಗಳ ತರುವಾಯ, 814ರಲ್ಲಿ, ಅಮೋಘವರ್ಷ ನೃಪತುಂಗನು ಬಾಲ್ಯದಲ್ಲಿಯೇ ರಾಷ್ಟ್ರಕೂಟ ಸಿಂಹಾಸನವನ್ನೇರಿದನು. ಆತನ ರಾಜಧಾನಿ ಮಾನ್ಯಖೇಟವು ಬೇರೆಲ್ಲಿಯದೂ ಅಲ್ಲ, ಇದೇ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ನದಿಯ ದಡದಲ್ಲಿ ಕೋಟೆಯ ಅವಶೇಷಗಳನ್ನೂ ನೇಮಿನಾಥನ ಬಸದಿಯನ್ನೂ ಜಯತೀರ್ಥರ ಬೃಂದಾವನವನ್ನೂ ಉಳಿಸಿಕೊಂಡಿರುವ ಇಂದಿನ ಚಿಕ್ಕ ಊರು. ಕನ್ನಡದ ಉಪಲಬ್ಧ ಪ್ರಥಮ ಗ್ರಂಥವಾದ ಕವಿರಾಜಮಾರ್ಗವು ಆ ಆಸ್ಥಾನದಲ್ಲಿಯೇ ಹುಟ್ಟಿತು; ಅದು ಬಹುಮಟ್ಟಿಗೆ ಆಶ್ರಯಿಸಿದ್ದು ದಂಡಿಯ ಕಾವ್ಯಾದರ್ಶವನ್ನು. ಮಹಾಕಾವ್ಯವೆನ್ನಿಸಿಕೊಳ್ಳಬೇಕಾದರೆ ಕವಿಯು ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯಗಳ ಜೊತೆಗೆ ಉದ್ಯಾನಕ್ರೀಡೆಯನ್ನೂ ವರ್ಣಿಸತಕ್ಕದ್ದೆಂದು ದಂಡಿ ವಿಧಿಸಿದನು. ತರುವಾಯದ ಕನ್ನಡ ಕವಿಗಳು ಆ ವಿಧಿಯನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ, ವನವಿಹಾರವೂ ವಸಂತವರ್ಣನೆಯೂ ಇಲ್ಲದ ಚಂಪೂಕಾವ್ಯವನ್ನು ಹುಡುಕುವುದೇ ಕಷ್ಟ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ ಇದೇ ಊರಿನಲ್ಲಿದ್ದು ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣವನ್ನು ರಚಿಸಿದ ಕವಿಯ ಹೆಸರು ಪುಷ್ಪದಂತ. ಹೂವಿನಂಥ ಹಲ್ಲುಳ್ಳವನೆಂದು ಅರ್ಥ. ಚಿತ್ತಾಪುರದ ಕಡೆಗೆ ತಿರುಗಿದರೆ, ಭೀಮಾತೀರದ ಸನ್ನತಿಗೆ ಸಮೀಪದ ಕನಗನಹಳ್ಳಿಯ ಬೌದ್ಧಸ್ತೂಪದಲ್ಲಿ, ಪರಿವಾರಸಮೇತನಾದ ಒಬ್ಬ ಅರಸನ ಶಿಲ್ಪದ ಮೇಲೆ ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಕೆತ್ತಿದೆ; ಹೂಬಿಡುವ ಮರವೊಂದರ ಹೆಸರನ್ನೇ ಹೊತ್ತು, ದಾರಿಗಳ ಇಕ್ಕೆಲಗಳಲ್ಲಿ ಮರ ನೆಡಿಸಿದೆನೆಂದು ತನ್ನ ಶಾಸನಗಳಲ್ಲಿ ಹೇಳಿಕೊಂಡ ದೊರೆಯ ಪ್ರತಿಮೆಯದು. ಹೂವನ್ನೂ ಮರವನ್ನೂ ಗೌರವಿಸುವ ಪಾಠವನ್ನು ನಾವು ಹೊಸದಾಗಿ ಪೂರ್ವದ್ವೀಪದಿಂದ ತರಿಸಿಕೊಳ್ಳಬೇಕಾದ ಅಗತ್ಯವಿಲ್ಲವೆಂಬುದಕ್ಕೆ ಇಷ್ಟು ಹೇಳಿದೆನು.

ಮುತ್ತಲವನ್ನು ಸಂಸ್ಕೃತದಲ್ಲಿ ಪಲಾಶವೆಂದೂ ಕಿಂಶುಕವೆಂದೂ ಕರೆಯುವರು. ಕಿಂ ಶುಕಃ? ‘ಇದೇನು, ಗಿಳಿಯೇ?’ ಹೂವನ್ನು ಅಂಗೈಯಲ್ಲಿಟ್ಟು ನೋಡಿದವನಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ: ಕೆಳಗಿನ ದಳವು ಗಿಳಿಯ ಕೊಕ್ಕಿನಂತೆ ಬಾಗಿದೆ, ಮೇಲಿನದು ಹಿಂದಕ್ಕೆ ಮಡಿಚಿ ನಿಂತಿದೆ, ಹೂವಿನ ಬುಡದಲ್ಲಿ ಮಖಮಲ್ಲಿನಂಥ ಕಡುಗಪ್ಪು ಬಣ್ಣದ ಪುಟ್ಟ ಬಟ್ಟಲು. ಆ ಕಪ್ಪಿಲ್ಲದಿದ್ದರೆ ಈ ಕೆಂಪು ಇಷ್ಟು ಉರಿಯುತ್ತಿರಲಿಲ್ಲ. ಹೂವಿಗೆ ಗಂಧವಿಲ್ಲ, ರೂಪವಿದ್ದೂ ವಿದ್ಯೆಯಿಲ್ಲದವನಿಗೆ ಕಿಂಶುಕವನ್ನು ಹೋಲಿಸಿ ನೀತಿಕಾರರು ಅದಕ್ಕೊಂದು ಅಪಕೀರ್ತಿಯನ್ನು ಅಂಟಿಸಿದರು. ಈ ವಿಷಯದಲ್ಲಿ ನನ್ನ ಪಕ್ಷವೆಲ್ಲ ಮರದ ಕಡೆಗೆ. ಗಂಧವು ದುಂಬಿಗಳಿಗೂ ಪತಂಗಗಳಿಗೂ ಕಳುಹಿಸುವ ಓಲೆ. ಮುತ್ತಲವು ಕರೆಯುವುದು ಹಕ್ಕಿಗಳನ್ನು, ಮತ್ತು ಹಕ್ಕಿಗಳು ಮೂಗಿನಿಂದಲ್ಲ, ಕಣ್ಣಿನಿಂದ ಬರುವಂಥವು. ಸೂರಕ್ಕಿ, ಗೊರವಂಕ, ಕಾಜಾಣಗಳು ಮುಂಜಾನೆಯ ಹೊತ್ತಿನಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುತ್ತ ಮಕರಂದವನ್ನು ಹೀರುವಾಗ ಪರಾಗವು ಒಂದು ಹೂವಿನಿಂದ ಇನ್ನೊಂದಕ್ಕೆ ಸಾಗುತ್ತದೆ. ಎಲೆಗಳೆಲ್ಲ ಉದುರಿದ ಮೇಲೆಯೇ ಅರಳುವುದಕ್ಕೂ ಕಾರಣವಿದೆ: ನೀರು ಬತ್ತುವ ಕಾಲದಲ್ಲಿ ಎಲೆಯನ್ನು ಕಳೆದುಕೊಂಡ ಮರಕ್ಕೆ ನೀರಿನ ಖರ್ಚು ಕಡಿಮೆ, ಹೂವಿಗೆ ಮರೆಯೂ ಇಲ್ಲ, ಅನಂತರ ಮೂಡುವ ಚಪ್ಪಟೆಯಾದ ಕಾಯಿ, ತುದಿಯಲ್ಲಿ ಒಂದೇ ಒಂದು ಬೀಜವನ್ನು ಹೊತ್ತು, ಬೇಸಗೆಯ ಗಾಳಿಯಲ್ಲಿ ದೂರ ಹಾರಿ ಬಿದ್ದು, ಮೃಗಶಿರಾ ಮಳೆಗೆ ಮೊಳಕೆಯೊಡೆಯುವುದಕ್ಕೆ ಸರಿಯಾಗಿ ಸಿದ್ಧವಾಗುತ್ತದೆ. ಚೆರ್ರಿಯೂ ಬರಿಗೊಂಬೆಯ ಮೇಲೆಯೇ ಅರಳುತ್ತದೆ. ಒಂದು ಶೀತದಿಂದ ಎಚ್ಚೆತ್ತು, ಒಂದು ಬಿಸಿಲಿಗೆ ಎದೆಯೊಡ್ಡಿ, ಎರಡು ಮರಗಳೂ ಒಂದೇ ಉಪಾಯವನ್ನು ಕಂಡುಕೊಂಡಿವೆ. ಒಂದು ವ್ಯತ್ಯಾಸ ಮಾತ್ರ ನಮಗೆ ಅನುಕೂಲವಾದದ್ದು: ಚೆರ್ರಿಯ ಆಯುಸ್ಸು ವಾರವಾದರೆ, ಮುತ್ತಲದ್ದು ಹೆಚ್ಚುಕಡಿಮೆ ಒಂದು ಮಾಸ.

ಈ ಮರವು ಎಲ್ಲಕ್ಕಿಂತ ಸಮೃದ್ಧವಾಗಿ ಕಾಣುವುದು ಚಿಂಚೋಳಿಯಲ್ಲಿ. ಸೇಡಂನಿಂದ ಉತ್ತರಕ್ಕೆ ಹೊರಟ ರಸ್ತೆಯು ಸಿಮೆಂಟಿನ ಚಿಮಣಿಗಳನ್ನು ಹಿಂದಿಕ್ಕಿದ ಮೇಲೆ ನೆಲವು ಮೆಲ್ಲನೆ ಏರಿಳಿಯಲಾರಂಭಿಸಿ, ಎರೆಮಣ್ಣು ಕೆಮ್ಮಣ್ಣಿಗೆ ಎಡೆಗೊಟ್ಟು, ಚಂದ್ರಂಪಳ್ಳಿಯ ಜಲಾಶಯ, ಕುಂಚಾವರದ ಕಾಡು, ಆಚೆಗೆ ತೆಲಂಗಾಣದ ಗಡಿ. ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಈ ಅರಣ್ಯವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದರು. ಬಯಲುಸೀಮೆಯ ಒಣಗಾಡಿಗೆ ಇಂಥ ಗೌರವ ಸಿಕ್ಕುವುದು ಅಪರೂಪ. ಕಾಡೆಂದರೆ ಮಲೆನಾಡಿನ ಹಸಿರೇ ಎಂದು ನಂಬಿದ ನಮ್ಮ ನಾಡಿನಲ್ಲಿ, ವರ್ಷದ ಮೂರು ತಿಂಗಳು ಬೂದುಬಣ್ಣಕ್ಕಿಳಿದು ನಿಲ್ಲುವ ಕಾಡೂ ಕಾಡೇ ಎಂದು ಒಪ್ಪಿಕೊಂಡದ್ದು ದೊಡ್ಡ ಮಾತು. ಆ ಬೂದಿಯ ನಡುವೆಯೇ ಮುತ್ತಲದ ಕೆಂಡ.

ಕಳೆದ ಬಾರಿ ಆ ದಾರಿಯಲ್ಲಿ ಹೋದಾಗ, ರಸ್ತೆಯಿಂದ ಕೊಂಚ ಒಳಗೆ, ಹೂವು ತುಂಬಿದ ಮರದಡಿ ಕುರಿಗಳನ್ನು ಬಿಟ್ಟುಕೊಂಡು ಒಬ್ಬ ವೃದ್ಧನು ಕಂಬಳಿ ಹಾಸಿ ಕುಳಿತಿದ್ದನು. ‘ಮುತ್ಯಾ, ಈ ಹೂ ಇನ್ನೆಷ್ಟು ದಿನ ಇರ್ತದ?’ ಎಂದು ಕೇಳಿದೆನು. ‘ಹೋಳಿ ಹುಣ್ಣಿವಿ ಆಗೋತನಕ ಇರ್ತದ್ರೆಪ್ಪಾ. ಅದು ಉದುರಿತಂದ್ರ ಬ್ಯಾಸಗಿ ಬಂದು ಕುಂತಂಗ. ಕುಂದರ್ರಿ. ನೆಳ್ಳಿಲ್ಲ ಖರೆ, ನೋಡ್ಲಿಕ್ಕ ಛಂದ ಅದ’ ಎಂದನು. ನಾನು ಕುಳಿತೆನು. ಹೂವು ಒಂದೊಂದಾಗಿ ಕುರಿಗಳ ಬೆನ್ನ ಮೇಲೂ ನಮ್ಮ ಕಂಬಳಿಯ ಮೇಲೂ ಬೀಳುತ್ತಿದ್ದುವು. ಕುರಿಗಳು ಬಿದ್ದುದನ್ನು ಆಯ್ದು ಮೇಯುತ್ತಿದ್ದುವು. ಹನಾಮಿಯೆಂಬ ಶಬ್ದವನ್ನು ಕೇಳದ ಆ ಹಿರಿಯನು ಅರ್ಧ ಗಳಿಗೆಯ ಕಾಲ ಏನನ್ನೂ ಆಡದೆ ಮೇಲಕ್ಕೆ ನೋಡುತ್ತ ಕುಳಿತ ಆ ಭಂಗಿಯನ್ನು ನಾನು ಮರೆತಿಲ್ಲ.

ಹೋಳಿಗೂ ಮುತ್ತಲಕ್ಕೂ ಇರುವ ನಂಟು ಹಳೆಯದು. ಪೇಟೆಯ ಬಣ್ಣದ ಪುಡಿಗಳು ಬರುವ ಮೊದಲು ಈ ಹೂವನ್ನೇ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿಯೋ ಕುದಿಸಿಯೋ ಕೇಸರಿ ಬಣ್ಣವನ್ನು ತೆಗೆಯುತ್ತಿದ್ದರು. ಚಿಟಿಕೆ ಸುಣ್ಣ ಬೆರೆಸಿದರೆ ಬಣ್ಣವು ಇನ್ನೂ ಗಾಢವಾಗುತ್ತದೆ. ಚಿಂಚೋಳಿಯ ತಾಂಡಾಗಳ ಲಂಬಾಣಿಗರು ಈ ಹೂವನ್ನು ಕೇಸುಲಾ ಎನ್ನುವರು. ಅವರಿಗೆ ಹೋಳಿಯೇ ವರ್ಷದ ಮಹಾಪರ್ವ, ಲೇಂಗಿ ಹಾಡುಗಳಿಗೆ ಅದೇ ಕಾಲ. ಗಡಿಯಾಚೆಯ ತೆಲುಗರಿಗೆ ಇದು ಮೋದುಗ. ಒಂದು ದಿನದ ದಾರಿಯಲ್ಲಿ ಒಂದು ಹೂವು ಇಷ್ಟು ಭಾಷೆಗಳಲ್ಲಿ ಹೆಸರನ್ನು ಪಡೆದಿರುವುದು, ಈ ಎಲ್ಲ ಜನರೂ ಅದರೊಡನೆ ಬಾಳಿದ್ದರೆಂಬುದಕ್ಕೆ ಗುರುತು.

ಬಾಳಿದ್ದರು ಎಂದು ಭೂತಕಾಲದಲ್ಲಿ ಬರೆಯಬೇಕಾಗಿ ಬಂದುದಕ್ಕೆ ವ್ಯಥೆಯಾಗುತ್ತದೆ. ಮುತ್ತಲವು ನಿಂತದ್ದು ಹೂವಿನ ಚೆಲುವಿನಿಂದಲ್ಲ, ಎಲೆಯ ಉಪಯೋಗದಿಂದ. ಒಂದು ತೊಟ್ಟಿಗೆ ಮೂರರಂತೆ ಬರುವ ಅದರ ಅಗಲವಾದ, ಗಟ್ಟಿಯಾದ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಹೊಲಿದ ಪತ್ರಾವಳಿಯಲ್ಲಿ ಈ ಸೀಮೆಯ ಎಷ್ಟೋ ಮದುವೆಗಳ, ಜಾತ್ರೆಗಳ, ದಾಸೋಹಗಳ ಊಟ ನಡೆಯಿತು. ಬೇಸಗೆಯಲ್ಲಿ ಹೊಲದ ಕೆಲಸ ತಪ್ಪಿದ ಹೆಂಗಸರಿಗೆ ಎಲೆ ಹಚ್ಚುವುದೊಂದು ಕಸುಬಾಗಿತ್ತು. ಕೊಂಬೆಯ ಮೇಲೆ ಅರಗಿನ ಹುಳು ಬಾಳುತ್ತಿತ್ತು. ಉಪನಯನದ ವಟುವಿನ ಕೈಗೆ ದಂಡವೂ ಹೋಮದ ಕುಂಡಕ್ಕೆ ಸಮಿಧೆಯೂ ಇದರಿಂದಲೇ ಒದಗುತ್ತಿತ್ತು. ಇಷ್ಟು ಕೆಲಸ ಮಾಡುವ ಮರದ ಮೇಲೆ ಕೊಡಲಿಯೆತ್ತಲು ಒಕ್ಕಲಿಗನು ಎರಡು ಬಾರಿ ಯೋಚಿಸುತ್ತಿದ್ದನು. ಕಾಗದದ, ಪ್ಲಾಸ್ಟಿಕ್ಕಿನ ತಟ್ಟೆಗಳು ಬಂದವು; ಬದುವಿನ ಮುತ್ತಲವು ಟ್ರ್ಯಾಕ್ಟರಿಗೆ ಅಡ್ಡಿಯೆನಿಸಿತು. ಶಾಹಾಬಾದು ವಾಡಿಗಳ ಆಸುಪಾಸಿನಲ್ಲಿ, ಕೈಮೊಳದ ಆಳಕ್ಕೇ ಹಾಸುಗಲ್ಲು ಸಿಕ್ಕುವ ನೆಲದಲ್ಲಿ, ಗಣಿ ತೋಡಬೇಕಾದರೆ ಮೇಲಿನ ಮಣ್ಣು ಹೋಗಬೇಕು, ಮಣ್ಣಿನೊಡನೆ ಮರ. ನಾಡಿನ ಎಷ್ಟೋ ಮನೆಗಳ ನೆಲಕ್ಕೆ, ಎಷ್ಟೋ ರೈಲು ನಿಲ್ದಾಣಗಳಿಗೆ ಹಾಸುವ ಕಲ್ಲನ್ನು ಕೊಟ್ಟ ಊರು ತನ್ನ ನೆರಳನ್ನೂ ಹೂವನ್ನೂ ಅದರ ಬೆಲೆಯಾಗಿ ತೆತ್ತಿದೆ. ಕೆಲಸವಿದ್ದಾಗ ಕೆಲಸವು ಮರವನ್ನು ಕಾಯಿತು. ಕೆಲಸ ತಪ್ಪಿದ ಮರವನ್ನು ಇನ್ನು ಕಾಯಬಲ್ಲದ್ದು ಅದನ್ನು ನೋಡಲು ಬರುವವರ ಕಣ್ಣು. ಯೋಶಿಮುನೆಯ ಗುಡ್ಡದಲ್ಲಿ ಚೆರ್ರಿಯು ಇಂದಿಗೂ ಇರುವುದು ವರ್ಷ ವರ್ಷವೂ ಜನರು ಬಂದು ಕೂರುವುದರಿಂದಲೇ.

ಕೂರುವ ವಿದ್ಯೆಯನ್ನು ನಮ್ಮವರಿಗೆ ಕಲಿಸಬೇಕಾಗಿಲ್ಲ. ಡಿಸೆಂಬರಿನ ಕೊನೆಯಲ್ಲೋ ಜನವರಿಯ ಮೊದಲಲ್ಲೋ ಎಳ್ಳಮಾವಾಸ್ಯೆ ಬಂದಿತೆಂದರೆ ಈ ಸೀಮೆಯ ಊರುಗಳ ಬೀದಿಗಳು ಹೇಗೆ ಬರಿದಾಗುವುವೆಂಬುದನ್ನು ಕಂಡವರೇ ಬಲ್ಲರು. ಸಜ್ಜೆಯ ರೊಟ್ಟಿ, ಕಡುಬು, ಹತ್ತಾರು ಕಾಳುಸೊಪ್ಪುಗಳ ಭಜ್ಜಿ, ಶೇಂಗಾದ ಹೋಳಿಗೆ, ಅಂಬಲಿಗಳನ್ನು ಬುಟ್ಟಿಯಲ್ಲಿ ತುಂಬಿ, ಹೊಲವಿದ್ದವರು ಹೊಲವಿಲ್ಲದ ಗೆಳೆಯರನ್ನೂ ಕರೆದುಕೊಂಡು ಹೊರಡುವರು. ಬೆಳೆಯ ನಡುವೆ ಪೂಜೆ ಮಾಡಿ, ಚರಗ ಚೆಲ್ಲಿ, ಜಮಖಾನ ಹಾಸಿ, ಜೋಳದ ಹಾಲ್ದೆನೆಯ ಕೆಳಗೆ, ಕಡಲೆಯ ನೇರಿಳೆ ಹೂವಿನ ಪಕ್ಕದಲ್ಲಿ ಉಂಡು ಸಂಜೆಯವರೆಗೆ ಉಳಿಯುವರು. ನೀಲಿ ತಾಡಪಾಲಿನ ಮೇಲೆ ಕುಳಿತ ಟೋಕಿಯೋದ ಸಂಸಾರಕ್ಕೂ ಇವರಿಗೂ ನನಗೆ ಭೇದ ಕಾಣದು. ಅದಕ್ಕೂ ಮುಂಚೆ, ಕಾರ್ತಿಕದ ಸುಮಾರಿಗೆ, 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ನಮ್ಮ ಕಲಬುರಗಿಯ ತೊಗರಿಯು ಹರದಾರಿಗಟ್ಟಲೆ ಹಳದಿಯ ಹೂವನ್ನು ಹೊತ್ತು ನಿಂತಿರುತ್ತದೆ. ಯುಗಾದಿಯ ಬೇವಿನಲ್ಲಂತೂ ನಾವು ಹೂವನ್ನು ನೋಡುವುದಕ್ಕೆ ನಿಲ್ಲದೆ ಬೆಲ್ಲ, ಹುಣಸೆ, ಮಾವಿನಕಾಯಿಗಳೊಡನೆ ಕಲಸಿ ಕುಡಿಯುವೆವು. ಜಪಾನೀಯರೂ ಚೆರ್ರಿಯ ಹೂವನ್ನು ಉಪ್ಪಿನಲ್ಲಿಟ್ಟು, ಮದುವೆಯ ದಿನ ಬಿಸಿನೀರಿನಲ್ಲಿ ತೇಲಿಬಿಟ್ಟು ಕುಡಿಯುವರು. ಎಳ್ಳಮಾವಾಸ್ಯೆಗೂ ಯುಗಾದಿಗೂ ನಡುವೆ ಇರುವ ಮುತ್ತಲದ ಮಾಸವೊಂದೇ ಹಾಳುಬಿದ್ದಿದೆ.

ಹೋಗಬೇಕೆನ್ನುವವರಿಗೆ ಒಂದೆರಡು ಮಾತು. ಫೆಬ್ರವರಿಯ ನಡುವಿನಿಂದ ಹೋಳಿಯವರೆಗೆ ಒಳ್ಳೆಯ ಕಾಲ. ಮರಕ್ಕೆ ನೆರಳಿಲ್ಲವಾದುದರಿಂದ ಹೊತ್ತೇರುವ ಮೊದಲೋ ಇಳಿಹೊತ್ತಿನಲ್ಲೋ ಹೋಗಬೇಕು. ಹಕ್ಕಿಗಳು ಬರುವುದೂ ಆಗಲೇ. ವನ್ಯಜೀವಿಧಾಮದ ಒಳಕ್ಕೆ ಹೋಗುವವರು ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಹೋಗತಕ್ಕದ್ದು. ಒಲೆ ಹೂಡಬಾರದು, ಬೀಡಿಯ ಕಿಡಿಯನ್ನೂ ಬಿಸಾಡಬಾರದು. ಉದುರಿದ ಎಲೆಯೆಲ್ಲ ಒಣಗಿರುವ ಆ ಕಾಲದಲ್ಲಿ ಒಂದು ಕಿಡಿಯಿಂದ ಗುಡ್ಡವೇ ಉರಿದೀತು. ರೊಟ್ಟಿ ಪಲ್ಯ ಕಟ್ಟಿಕೊಂಡೇ ಹೋಗಬಹುದು. ಚಿಂಚೋಳಿಯವರೆಗೆ ಹೋಗಲಾರದವರು ಕಾಗಿಣೆಯ ದಂಡೆಯಲ್ಲಿ, ಊರ ಹೊರಗಿನ ಹಳ್ಳದ ಬದಿಯಲ್ಲಿ ಉಳಿದಿರುವ ಒಂಟಿ ಮರವನ್ನು ಹುಡುಕಿದರೂ ಸಾಕು. ಊರೊಳಗೇ ಇರಬೇಕಾದವರಿಗೆ ವೈಶಾಖದಲ್ಲಿ ಶಾಲೆಯ ಅಂಗಳಗಳ, ರೈಲ್ವೆ ವಸತಿಗಳ ಗುಲ್‌ಮೊಹರ್ ಉಂಟು. ಅದು ಮಡಗಾಸ್ಕರಿನ ಅತಿಥಿ, ಆದರೂ ಬಹುದಿನದ ಬಳಕೆಯಿಂದ ಮನೆಯವನೇ ಆಗಿಬಿಟ್ಟಿದೆ. ಮತ್ತು ಪುರಸಭೆಯ ಉದ್ಯಾನಗಳಲ್ಲಿ ಸಸಿ ನೆಡುವ ಅಧಿಕಾರವುಳ್ಳವರು ಈ ಸಾಲುಗಳನ್ನು ಓದುವುದಾದರೆ, ಕಲ್ಲುನೆಲಕ್ಕೂ ಚೌಳುನೆಲಕ್ಕೂ ಬಿಸಿಲಿಗೂ ಅಂಜದ ಮುತ್ತಲದ ನಾಲ್ಕು ಸಸಿಗಳಿಗೆ ಒಂದು ಮೂಲೆಯನ್ನು ಬಿಟ್ಟುಕೊಡಬೇಕೆಂದು ಬೇಡುವೆನು. ಅದು ಮೆಲ್ಲಗೆ ಬೆಳೆಯುವ ಮರ, ನೆಟ್ಟವರು ಕಾಯಬೇಕಾಗುವುದು.

ಆ ದಿನ ಹೊರಡುವಾಗ ಮುತ್ಯಾ ನನ್ನ ಟವೆಲಿನ ತುಂಬ ಉದುರಿದ ಹೂವನ್ನು ಕಟ್ಟಿಕೊಟ್ಟನು. ಮನೆಗೆ ತಂದು ಹಿತ್ತಾಳೆಯ ಕೊಡದಲ್ಲಿ ನೀರು ತುಂಬಿ ನೆನೆಹಾಕಿದೆನು. ಬೆಳಗ್ಗೆ ಎದ್ದು ಹೂವನ್ನು ಹಿಂಡಿ ತೆಗೆದಾಗ ನೀರು ಇಳಿಹೊತ್ತಿನ ಸೂರ್ಯನ ಬಣ್ಣಕ್ಕೆ ತಿರುಗಿತ್ತು. ಮಕ್ಕಳು ಆಡಿ ಉಳಿಸಿದ್ದು ಅಂಗಳದ ಶಾಹಾಬಾದಿನ ಫರಸಿಯ ಮೇಲೆ ಚೆಲ್ಲಿ, ಕಲ್ಲುಗಳ ಸಂದುಸಂದಿನಲ್ಲಿ ಹರಿದು ನಿಂತಿತು. ಬಿಸಿಲೇರಿ ಕಲ್ಲು ಒಣಗಿದ ಬಳಿಕವೂ ಅದರ ಬೂದುನೀಲಿಯ ಮೇಲೆ ತೆಳುವಾದ ಕೇಸರಿ ಉಳಿದಿತ್ತು.